ರಜೆಗೆ ಬಂದ ಬೇಕರಿಯವನು

ಏನೇ, ಎದ್ದ ತಕ್ಷಣ ಬೈಯೋಕೆ ಶುರು ಮಾಡ್ಬೇಡ, ಮೊದಲು ಓದು.

ಎಳನೀರು ಫ್ರಿಜ್‌ನಲ್ಲಿದೆ, ಕುಡಿ. ಸಮುದ್ರಕ್ಕೆ ಹೋಗೋದಾದ್ರೆ ಬಿಸಿಲೇರೋ ಮುಂಚೆ ಹೋಗು. ಟೋಪಿ ಮರೀಬೇಡ. ನನ್ನ ಬೆನ್ನು ನೋಡಿದ್ದೀಯಲ್ಲ, ಭಟ್ಟಿಯಲ್ಲಿ ಮರೆತ ಬನ್ನಿನ ಹಾಗಾಗಿದೆ. ದಿನಾ ಬ್ರೆಡ್ ಬೇಯಿಸೋ ನನಗೆ, ನನ್ನನ್ನೇ ಯಾವಾಗ ಮಗುಚಿ ಹಾಕ್ಬೇಕು ಅಂತ ತಿಳೀಲಿಲ್ಲ.

ಇಷ್ಟು ದೂರ ರಜೆಗೆ ಬಂದ್ಮೇಲೆ ಬೇಕರಿ ಸುದ್ದಿ ಎತ್ತಬಾರದು, ಬೆಳಕು ಹರಿಯೋ ತನಕ ಏಳಬಾರದು ಅಂತ ಕಾನೂನು ಮಾಡಿದ ಮಹಾನುಭಾವ ನಾನೇ. ಏನ್ ಮಾಡ್ಲಿ, ಕತ್ತಲಲ್ಲೇ ಎಚ್ಚರ ಆಗ್ಬಿಡುತ್ತೆ. ನಿನ್ನೆ ನಿನ್ನ ಪಕ್ಕ ಕೂತು ಅಲೆ ನೋಡ್ತಿದ್ದೆ ಅಂದ್ಕೊಂಡ್ಯಾ? ಈ ಸೆಕೆಗೆ ಹಿಟ್ಟು ಎಷ್ಟು ಬೇಗ ಉಬ್ಬುತ್ತೋ, ಹುಳಿಯಾಗದ ಹಾಗೆ ಇಲ್ಲಿಯವರು ಹೇಗೆ ನೋಡ್ಕೋತಾರೋ ಅಂತ ತಲೆ ಕೆಡಿಸ್ಕೊಂಡಿದ್ದೆ. ಕೇಳ್ಕೊಂಡು ಬರೋಣ ಅಂತ ಬೀದಿ ಕೊನೆಯ ಬೇಕರಿಗೆ ಹೊರಟಿದ್ದೀನಿ. ಬರೀ ನೋಡ್ತೀನಿ. ಕೈ ಹಾಕಲ್ಲ, ನಿನ್ನಾಣೆ.

ನೀನು ಏಳೋದ್ರೊಳಗೆ ಬಂದು ಈ ಚೀಟಿ ಹರಿದು ಹಾಕ್ಬೇಕು ಅಂತ ಇದ್ದೀನಿ. ಅಕಸ್ಮಾತ್ ಇದು ನಿನ್ನ ಕೈಗೆ ಸಿಕ್ಕಿದ್ರೆ, ಮೊಣಕೈವರೆಗೂ ಹಿಟ್ಟಲ್ಲಿದ್ದೀನಿ ಅಂತಲೇ ತಿಳ್ಕೋ.

ಹಾಗಾದ್ರೆ ಒಂದು ಉಪಕಾರ ಮಾಡು. ತಿಂಡಿಗೆ ಅಲ್ಲಿಗೇ ಬಾ, ಬಿಸಿ ಬಿಸಿ ಬನ್ ಕೊಡಿಸ್ತೀನಿ. ಬರೋವಾಗ ನನ್ನ ಏಪ್ರನ್ ತಗೊಂಡು ಬಾ. ಸೂಟ್‌ಕೇಸಿನ ತಳದಲ್ಲಿದೆ.

ನನ್ನ ಈಜೋ ಚಡ್ಡಿ ಇಡೋದು ನೀನು ಮರೆತೆ ಅಂತ ಮೊನ್ನೆ ನಿನ್ನ ಮೇಲೆ ಕೂಗಾಡಿದ್ನಲ್ಲ? ನೀನು ಇಟ್ಟಿದ್ದೆ ಕಣೇ. ಏಪ್ರನ್‌ಗೆ ಜಾಗ ಸಾಲದೆ ತೆಗೆದು ಮನೇಲಿ ಬಿಟ್ಟೋನು ನಾನೇ.