ರೈಲಿಗೆ ಕೂರಿಸಿದ ದನಿ

ಬಸ್ತಿಹಳ್ಳಿ
೧೬-೨-೧೯೮೪

ಅಣ್ಣನಿಗೆ ಜಯ ಜಿನೇಂದ್ರ.

ಅರಸೀಕೆರೆ ಸ್ಟೇಷನ್ನಿನಲ್ಲಿ ನೀನು ಇಂಜಿನ್ನಿನ ಸದ್ದು ತುಂಬಿಸಿಕೊಟ್ಟ ಕ್ಯಾಸೆಟ್ಟನ್ನು ಇವರು ತಾವೇ ಮಾಡಿದ ರೈಲಿನೊಳಗೆ ಸ್ಪೀಕರ್ ಸಮೇತ ಕೂರಿಸಿದರು. ಮಂಚದುದ್ದದ ಆ ಮರದ ಇಂಜಿನ್ನು ಉಸಿರುಬಿಡುತ್ತಾ ಹಜಾರದಲ್ಲಿ ಹೊರಟಾಗ ನಾನೂ ಚಪ್ಪಾಳೆ ತಟ್ಟಿದೆ.

ಸಿಳ್ಳೆಯಾದ ಮೇಲೆ ಅದರೊಳಗಿಂದ ಯಾರೋ, "ಶಾಂತೂ, ಬೇಗ ಹತ್ತೋ, ಜಾಗ ಹಿಡಿದಿದ್ದೀನಿ" ಅಂದರು. ಇವರು ರೈಲಿನ ಪಕ್ಕ ಕೂತು ಕಿವಿಗೊಟ್ಟರು.

"ಅಪ್ಪನ ದನಿ ಕಣೇ" ಅಂದರು.

ಇವರು ಚಿಕ್ಕವರಿದ್ದಾಗ ಮಾವನವರು ಅದೇ ಸ್ಟೇಷನ್ನಿನಲ್ಲಿ ರೈಲು ಹತ್ತಿದವರು ತಿರುಗಿ ಬರಲೇ ಇಲ್ಲ, ನಿನಗೆ ಗೊತ್ತಲ್ಲ. ನೀನು ರೆಕಾರ್ಡ್ ಮಾಡುವಾಗ ಹತ್ತಿರ ಯಾರೂ ಇರಲಿಲ್ಲ ಅಂದಿದ್ದೆ.

ಕ್ಯಾಸೆಟ್ ತೆಗೆದುಹಾಕಿ ಎಂದು ಕಾಲು ಹಿಡಿದರೂ ಇವರು ಕೇಳಲಿಲ್ಲ. ಸೋಮವಾರ ಬೆಳಿಗ್ಗೆ, ಒಗೆದಿಟ್ಟ ಪಂಚೆ ಉಟ್ಟು, "ಭಾವನ ಅಂಗಡಿಗೆ ಹೋಗಿ ಬರ್ತೀನಿ" ಎಂದು ಬಸ್ಸು ಹತ್ತಿದರು. ಸ್ಟೇಷನ್ ಮುಂದೆ ಇಳಿದರೆಂದು ಕಂಡಕ್ಟರ್ ಹೇಳಿದ. ಅಂಗಡಿಗೆ ಬರಲೇ ಇಲ್ಲವೆಂದು ನೀನು ಹೇಳಿಕಳಿಸಿದೆ.

ನಿನ್ನೆ ಧೈರ್ಯ ಮಾಡಿ ನಾನೇ ರೈಲು ಓಡಿಸಿದೆ. ಸಿಳ್ಳೆಯಾಯಿತು. ಈ ಸಲ ಯಾರೂ ಯಾರನ್ನೂ ಕರೆಯಲಿಲ್ಲ. ಇಬ್ಬರು ಗಂಡಸರು ನಗುತ್ತಾ ಮಾತಾಡಿಕೊಳ್ಳುತ್ತಿದ್ದರು. ಅದರಲ್ಲಿ ಒಬ್ಬರು ಇವರೇ. "ಹೊತ್ತು ಮುಳುಗೋ ಮುಂಚೆ ಕಾಂಚನ ಊಟ ಮಾಡಿದ್ರೆ ಸಾಕು" ಅಂದರು. ನಾನು ಊಟ ಮಾಡಿದೆ.

ಪೊಲೀಸರಿಗೆ ತಿಳಿಸುವುದು ನಿನಗೆ ಬಿಟ್ಟದ್ದು. ಬರುವಾಗ ಹೊಸ ಸೆಲ್ಲು ಮಾತ್ರ ಮರೆಯದೆ ತಾ. ಇರುವವು ಇಳಿದುಹೋಗಿ ಇವರ ದನಿ ಎಳೆಯುತ್ತಿದೆ.

ನಿನ್ನ ತಂಗಿ,
ಕಾಂಚನಮಾಲಾ