ಇಳಿಜಾರಿಗೆ ಮುಖ ಮಾಡಿ ನಿಂತ ಪಿಕಪ್

ಸಂಸೆ,
12-9-1998

ಚಿರಂಜೀವಿ ವಿಘ್ನೇಶನಿಗೆ,

ನಿನ್ನ ಮೇಷ್ಟ್ರು ರಮಾಕಾಂತ ಮತ್ತು ಸರಸ್ವತಿ ಇಬ್ಬರೂ ಮಾಡುವ ಆಶೀರ್ವಾದಗಳು. ನಾವು ಕ್ಷೇಮ. ನಿನ್ನ ಕಾಗದ ಚೌತಿಗೆ ಮೊದಲೇ ಕೈಸೇರಿತ್ತು. ಉತ್ತರ ಇಷ್ಟು ತಡವಾದದ್ದಕ್ಕೆ ಮಳೆಯನ್ನೋ ಅಂಚೆಯನ್ನೋ ದೂರಬಹುದಿತ್ತು. ಆದರೆ ಮೂವತ್ತೊಂದು ವರ್ಷ ತರಗತಿಯಲ್ಲಿ ನಿಂತು, ನೆಪ ಹೇಳಬೇಡಿ ಎಂದು ಮಕ್ಕಳನ್ನು ಗದರಿಸಿದವನಿಗೆ ಅದು ಶೋಭಿಸುವುದಿಲ್ಲ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದೆ. ಕ್ಷಮಿಸು.

ಮೊದಲು ಊರಿನ ಸುದ್ದಿ. ಚೌತಿಯ ದಿನ ನಿನ್ನ ತಂದೆಯವರೇ ಬಂದು ನಮ್ಮ ಮನೆಯ ಪೂಜೆ ಮಾಡಿಸಿಕೊಟ್ಟರು. ಮಂಗಳಾರತಿ ಮುಗಿಸಿ ಕೂತವರು, "ನಮ್ಮ ಹುಡ್ಗ ಮಂತ್ರ ಬಿಟ್ಟು ಸ್ಪ್ಯಾನರ್ ಹಿಡ್ದ. ಇರ್ಲಿ ಬಿಡಿ ಮೇಷ್ಟ್ರೇ, ಗಾಡಿ ಕೆಟ್ಟು ನಿಂತಾಗ ಜನ ನನ್ಗಿಂತ ಭಕ್ತಿಯಿಂದ ಅವ್ನಿಗೆ ಕೈ ಮುಗೀತಾರಂತೆ" ಎಂದು ನಕ್ಕರು. ಅವರ ಸಿಟ್ಟು ಇಳಿದಿದೆ. ಇನ್ನು ನೀನು ಧೈರ್ಯವಾಗಿ ಮನೆಗೆ ಬರಬಹುದು. ಮೆಣಸಿನ ಬಳ್ಳಿಗೆ ಈ ಸಲ ಕೊಳೆರೋಗ ಹೆಚ್ಚು. ನಮ್ಮ ದಿಣ್ಣೆಯ ಮೇಲೆ ನಿನ್ನ ಪಿಕಪ್ ನಿಲ್ಲುತ್ತಿದ್ದ ಜಾಗದಲ್ಲಿ ಹುಲ್ಲು ಮೊಳಕಾಲಿನವರೆಗೆ ಎದ್ದಿದೆ. ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿದ್ದ ಗೇಣಗಲದಲ್ಲಿ ಮಾತ್ರ ಇನ್ನೂ ಏನೂ ಹುಟ್ಟಿಲ್ಲ.

ಎಸ್ಟೇಟಿನವರು ಹರಾಜು ಹಾಕಿದ ಆ ಗಾಡಿಯನ್ನು ನೀನು ಜೀಪಿಗೆ ಹಗ್ಗ ಬಿಗಿದು ಎಳೆಸಿಕೊಂಡು ಬಂದದ್ದು ನಾನು ನಿವೃತ್ತನಾದ ವರ್ಷ. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ನೆಲದ ತಗಡು ತಿಂದುಹೋಗಿ, ಕಾಲ ಕೆಳಗೆ ರಸ್ತೆ ಕಾಣುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರಿಗೆ ಗಾಡಿಯೂ ಗೊತ್ತಿರುತ್ತದೆ ಎಂದು ನೀನು ನಂಬಿದ್ದೆ. ನನಗೆ ಗೊತ್ತಿದ್ದದ್ದು ಅರ್ಧ. ಉಳಿದರ್ಧವನ್ನು ನಿನ್ನ ಜೊತೆಗೇ ಕಲಿತೆ. ಎಣ್ಣೆ ಡ್ರಮ್ಮು ಸೀಳಿ ನೆಲಕ್ಕೆ ತಗಡು ಹೊಡೆದೆವು. ಬ್ರೇಕಿಗೆ ಲೈನಿಂಗ್ ಹಾಕಿದೆವು. ಮುಂದಿನ ಗಾಜಿನ ಸುತ್ತ ಹೊಸ ರಬ್ಬರು ಕೂರಿಸಿದೆವು; ಆದರೂ ಎಡಗಡೆಯಿಂದ ಸೋರಿದ ನೀರು ನೇರವಾಗಿ ನನ್ನ ತೊಡೆಯ ಮೇಲೇ ಬೀಳುತ್ತಿತ್ತು. ಸೀಟಿಗೆ ತೆಂಗಿನ ನಾರು ತುಂಬಿ, ಸರಸ್ವತಿ ಕಾಫಿ ಗೋಣಿಯಿಂದ ಕವರು ಹೊಲಿದುಕೊಟ್ಟಳು. ಎಲ್ಲವೂ ಸರಿಹೋಯಿತು, ಸೆಲ್ಫ್ ಒಂದನ್ನು ಬಿಟ್ಟು. ಗುಂಡಿ ಒತ್ತಿದರೆ ಟಕ್ ಎನ್ನುತ್ತಿತ್ತು, ಎಂಜಿನ್ ಅಲುಗುತ್ತಿರಲಿಲ್ಲ. "ಸೆಲ್ಫ್ ಪೂರ್ತಿ ಸುಟ್ಟಿದೆ, ಹೊಸದೇ ಬೇಕು" ಎಂದೆ. ನೀನು ತಲೆಯಾಡಿಸಿದೆ.

ನಿಮ್ಮ ಮನೆ ಗದ್ದೆಯ ಬದಿಯ ಸಮತಟ್ಟಿನಲ್ಲಿ. ನಮ್ಮದು ದಿಣ್ಣೆಯ ಮೇಲೆ. ಹಾಗಾಗಿ ಪ್ರತಿ ಸಂಜೆ ನೀನು ಪಿಕಪ್ಪನ್ನು ನಮ್ಮ ಅಂಗಳದಲ್ಲಿ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ನಾನು ಕೆತ್ತಿಕೊಟ್ಟ ಹಲಸಿನ ಮರದ ತುಂಡನ್ನು ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು ಹೋಗುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಬಂದು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಆಮೇಲೆ ನಾನು ತುಂಡು ಎಳೆದು ಹಿಂದಿನಿಂದ ಒಂದು ನೂಕು ಕೊಡಬೇಕು. ನೀನು ಎರಡನೇ ಗೇರಿನಲ್ಲಿ ಕ್ಲಚ್ ಬಿಡಬೇಕು. ಪೇರಲೆ ಮರದ ತಿರುವಿನಲ್ಲಿ ಅದು ಕೆಮ್ಮಿ, ಕಪ್ಪು ಹೊಗೆ ಕಾರಿ, ಜೀವ ಹಿಡಿಯುತ್ತಿತ್ತು. ನೀನು ಕೈ ಹೊರಗೆ ಹಾಕಿ ಬೀಸುತ್ತಿದ್ದೆ. ಮೂರು ವರ್ಷ ನನ್ನ ದಿನ ಶುರುವಾಗುತ್ತಿದ್ದದ್ದು ಆ ತಿರುವಿನಿಂದ.

ಈ ಬೇಸಿಗೆಯಲ್ಲಿ, ಸೀಟು ಮಾಡಿಸಿಕೊಂಡು ನಾಲ್ಕೇ ದಿನಕ್ಕೆ ಬರುತ್ತೇನೆಂದು ಮೂಡಿಗೆರೆಗೆ ಹೋದವನು ನೀನು ಅಲ್ಲೇ ನಿಂತುಬಿಟ್ಟೆ. ಬಾಡಿಗೆ ಅಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಬಲ್ಲೆ. ಆದರೆ ನೀನು ಬರೆದ ನಾಲ್ಕು ಪುಟಗಳಲ್ಲಿ ಮೂರು ಸೀಟಿನ ಶೆಡ್ಡಿನ ಕೃಷ್ಣಪ್ಪನವರ ಗುಣಗಾನ. ಕೃಷ್ಣಪ್ಪನವರು ಕೆಂಪು ರೆಕ್ಸಿನ್ನಿನಲ್ಲಿ ಸೀಟು ಹೊಲಿದದ್ದು, ಅದರ ಅಂಚಿಗೆ ಬಿಳಿ ಪೈಪಿಂಗ್ ಕೊಟ್ಟದ್ದು, ಬಾಗಿಲಿಗೆ ಮೆತ್ತೆ ಬಡಿದದ್ದು, ತಲೆ ಮೇಲಿನ ಮಾಡಿಗೆ ಬಟ್ಟೆ ಎಳೆದದ್ದು, ಟೇಪ್‌ರೆಕಾರ್ಡರ್ ಕೂರಿಸಿದ್ದು. ನೆಲಕ್ಕೆ ರಬ್ಬರು ಹಾಸಲು ನಮ್ಮ ತಗಡನ್ನು ಬಿಚ್ಚಿದಾಗ, ಬ್ಯಾಟರಿಯಿಂದ ಚಾಸಿಗೆ ಹೋಗುವ ತಾಮ್ರದ ಅರ್ತ್ ಪಟ್ಟಿ ಕಿಲುಬು ಹಿಡಿದು ಕೂತದ್ದು ಅವರಿಗೆ ಕಂಡಿತಂತೆ. ಉಜ್ಜಿ ಬಿಗಿದ ಕೂಡಲೇ ಸೆಲ್ಫ್ ಒಂದೇ ಒತ್ತಿಗೆ ತಿರುಗಿತಂತೆ. "ಮೂರು ವರ್ಷ ನಮ್ಮಿಬ್ಬರ ಕಣ್ಣಿಗೂ ಬೀಳದೆ ಹೋಯಿತಲ್ಲ ಮೇಷ್ಟ್ರೇ!" ಎಂದು ಬರೆದಿದ್ದೀಯೆ.

ಓದಿ ಮುಗಿಸಿ ಕಾಗದವನ್ನು ಮಡಚಿಟ್ಟ ನನ್ನ ಮುಖವನ್ನು ಸರಸ್ವತಿ ನೋಡಿದಳು. "ಏನಂತೆ? ಸವತಿ ಬಂದ್ಲಾ ನಿಮ್ಗೆ?" ಎಂದಳು.

"ಸೀಟು ಹೊಲಿಯೋನು ಕಣೇ ಅವನು. ಬರೀ ದರ್ಜಿ."

"ನಾನು ಹೊಲ್ದಾಗ ವಿಶ್ವಕರ್ಮನ ಮಗಳು ಅಂದಿದ್ರಿ. ಈಗ ಬರೀ ದರ್ಜಿ ಆಯ್ತಾ?"

ವಿಘ್ನೇಶ, ಅರವತ್ತೊಂದರ ವಯಸ್ಸಿನಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಕತ್ತರಿ ಸೂಜಿಗಳ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಗೌರವದ ಸಂಗತಿಯಲ್ಲ. ಆದರೂ ಉರಿಯಿತು. ಹೊಲಿಗೆ ಆರು ತಿಂಗಳಿಗೆ ಬಿಚ್ಚಿಕೊಳ್ಳಲಿ ಎಂದು ಮನಸ್ಸಿನಲ್ಲೇ ಶಪಿಸಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಹೋದ ಸೋಮವಾರ ಪಿಂಚಣಿ ಕೆಲಸವೆಂದು ಮನೆಯಲ್ಲಿ ಸುಳ್ಳು ಹೇಳಿ, ಕಳಸಕ್ಕೆ ಹೋಗಿ ಮೂಡಿಗೆರೆಯ ಬಸ್ಸು ಹಿಡಿದೆ. ಹೌದು, ನಾನು ಬಂದಿದ್ದೆ. ಕೃಷ್ಣಪ್ಪನವರ ಶೆಡ್ಡಿನ ಪಕ್ಕದ ಚಹಾದ ಅಂಗಡಿಯಲ್ಲಿ, ತಟ್ಟಿಯ ಮರೆಯಲ್ಲಿ ಕೂತೆ. ನಿಮ್ಮಿಬ್ಬರ ಮಾತೂ ಕೇಳುತ್ತಿತ್ತು.

"ಆ ಮರದ ತುಂಡು ಇನ್ನೂ ಯಾಕೋ ಮಾರಾಯ? ಹ್ಯಾಂಡ್‌ಬ್ರೇಕ್ ಬಿಗಿ ಮಾಡಿ ಕೊಟ್ಟಿದೀನಲ್ಲ. ಒಲೆಗೆ ಹಾಕು."

"ಇರ್ಲಿ ಕೃಷ್ಣಣ್ಣ. ಮೇಷ್ಟ್ರು ಕೆತ್ತಿದ್ದು."

"ಹಂಗಾದ್ರೆ ಅದಕ್ಕೂ ರೆಕ್ಸಿನ್ ಹೊಲಿಸ್ಬಿಡು!"

ಅವರು ನಿನ್ನ ಹೆಗಲ ಮೇಲೆ ಕೈ ಹಾಕಿ ನಕ್ಕರು, ನೀನೂ ನಕ್ಕೆ. ನನ್ನ ತುಂಡನ್ನು ನೀನು ಉಳಿಸಿಕೊಂಡಿದ್ದಕ್ಕೆ ಸಂತೋಷಪಡಬೇಕಿತ್ತು. ನನಗೆ ಕೇಳಿಸಿದ್ದು ಮಾತ್ರ, ನಾಲ್ಕೇ ತಿಂಗಳಲ್ಲಿ ಅವರು ನಿನಗೆ ಅಣ್ಣನಾದರು, ಹನ್ನೆರಡು ವರ್ಷದಿಂದ ನಾನು ಮೇಷ್ಟ್ರಾಗಿಯೇ ಉಳಿದೆ ಎಂಬುದು.

ನೀವಿಬ್ಬರೂ ಊಟಕ್ಕೆ ಒಳಗೆ ಹೋದಿರಿ. ನಾನು ಎದ್ದು ಹೋಗಿ ಪಿಕಪ್ಪಿನ ಬಾಗಿಲು ತೆರೆದು, ಎಡಗಡೆ, ನನ್ನ ಜಾಗದಲ್ಲಿ ಕೂತೆ. ಹೊಲಿಗೆಯಲ್ಲಿ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ನನ್ನ ಸೊಂಟನೋವು ನಿನಗೆ ಗೊತ್ತೇ ಇದೆ. ಆ ಸೀಟಿನ ಮೇಲೆ ಅದು ನೋಯಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಇಳಿಯುವಾಗ ನೋಡಿದರೆ, ಸೀಟಿನ ಹಿಂದೆ ಸರಸ್ವತಿಯ ಗೋಣಿ ಕವರು ತೊಳೆದು ಮಡಚಿಟ್ಟಿತ್ತು. ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಮುಂದಿನ ಬಸ್ಸು ಹತ್ತಿದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕೃಷ್ಣಪ್ಪನವರು ಶೆಡ್ಡಿನಲ್ಲಿ ನಿನ್ನನ್ನು ಪಾಲುದಾರನಾಗಿ ಸೇರು ಎನ್ನುತ್ತಿದ್ದಾರೆ, ನೀವು ಒಪ್ಪಿದರೆ ಮಾತ್ರ ಸೇರುತ್ತೇನೆ ಎಂದು ಬರೆದಿದ್ದೀಯೆ. ಹರಿದು ಹಾಕಿದ ನಾಲ್ಕು ಕಾಗದಗಳಲ್ಲೂ ನಾನು ಬೇಡವೆಂದೇ ಬರೆದಿದ್ದೆ. ಪರರ ಕೈಕೆಳಗೆ ಇರಬೇಡ, ಊರಿನಲ್ಲೇ ಗಾಡಿ ಓಡಿಸು, ಹೀಗೆ ಬಗೆಬಗೆಯ ಬುದ್ಧಿಮಾತು. ಒಂದರಲ್ಲೂ ನಿನ್ನ ಹಿತ ಇರಲಿಲ್ಲ. ಇದು ಐದನೆಯದು. ಸೇರು, ವಿಘ್ನೇಶ. ಅವರ ಕೈ ಶುದ್ಧವಾದದ್ದು. ಯಾರೂ ನೋಡದ ಸೀಟಿನ ಅಡಿಭಾಗದಲ್ಲೂ ಅವರ ಹೊಲಿಗೆ ನೆಟ್ಟಗಿದೆ. ನಾನು ಬಗ್ಗಿ ನೋಡಿದ್ದೇನೆ. ಅಂಥವರ ಪಕ್ಕದಲ್ಲಿ ಐದು ವರ್ಷ ನಿಂತರೆ ನೀನು ನನಗಿಂತಲೂ, ಅವರಿಗಿಂತಲೂ ದೊಡ್ಡ ಕೆಲಸಗಾರನಾಗುತ್ತೀಯೆ. ಈ ನಂಬಿಕೆಗೆ ನನ್ನ ಹೊಟ್ಟೆಕಿಚ್ಚು ಕೂಡ ಸಾಕ್ಷಿ.

ಆಯುಧಪೂಜೆಯ ದಿನ ಪಿಕಪ್ಪನ್ನು ಸಂಸೆಗೆ ತರುತ್ತೇನೆ, ಸೆಲ್ಫ್ ಗುಂಡಿಯನ್ನು ನೀವೇ ಒತ್ತಬೇಕು ಎಂದಿದ್ದೀಯೆ. ಅದಕ್ಕೆ ಉತ್ತರವನ್ನು ಕೆಳಗೆ ಬರೆಯುತ್ತೇನೆ. ಮೊದಲು ಇದನ್ನು ತೆಗೆದುಕೋ: ನೀನು ಮುಟ್ಟಿದ ಎಂಜಿನ್ ಓಡಲಿ, ನಿನ್ನನ್ನು ನಂಬಿ ಹತ್ತಿದವರು ಕ್ಷೇಮವಾಗಿ ಮನೆ ಸೇರಲಿ. ಕೃಷ್ಣಪ್ಪನವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಶ್ರೇಯಸ್ಸನ್ನೇ ಬಯಸುವ,
ರಮಾಕಾಂತ ಮೇಷ್ಟ್ರು

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದ್ದು: ಆ ದಿನ ಮೂಡಿಗೆರೆಯಲ್ಲಿ ಇನ್ನೊಂದು ಮಾತೂ ಕಿವಿಗೆ ಬಿತ್ತು. "ಅಲ್ಲ ಮಾರಾಯ, ಅರ್ತ್ ಪಟ್ಟಿ ಮೇಲೇ ತಗಡು ಮುಚ್ಚಿ ರಿವೆಟ್ ಹೊಡ್ದಿದಾನಲ್ಲ, ಯಾವ ಬುದ್ಧಿವಂತ ಅವ್ನು?" ಎಂದು ಕೃಷ್ಣಪ್ಪನವರು ಕೇಳಿದರು. "ನಾನೇ ಹೊಡ್ದಿದ್ದು ಕೃಷ್ಣಣ್ಣ. ಮೇಷ್ಟ್ರು ಅವತ್ತು ಊರಲ್ಲೇ ಇರ್ಲಿಲ್ಲ" ಎಂದೆ ನೀನು.

ನಾನು ಊರಲ್ಲೇ ಇದ್ದೆ. ಊರಲ್ಲಿ ಇಲ್ಲದವನು ನೀನು. ಬ್ರೇಕ್ ಲೈನಿಂಗ್ ತರಲು ನೀನು ಕಳಸಕ್ಕೆ ಹೋಗಿದ್ದೆ. ಪಟ್ಟಿಯ ಮೇಲಿನ ಹಸಿರು ಕಿಲುಬನ್ನು ನಾನು ಕಣ್ಣಾರೆ ಕಂಡೆ. ಉಪ್ಪುಕಾಗದದಲ್ಲಿ ಹತ್ತು ನಿಮಿಷ ಉಜ್ಜಿದ್ದರೆ ಸಾಕಿತ್ತು. ಸೆಲ್ಫ್ ತಿರುಗಿದರೆ ನೀನು ಗಾಡಿಯನ್ನು ನಿಮ್ಮ ಮನೆಯಲ್ಲೇ ನಿಲ್ಲಿಸುತ್ತೀಯೆ, ನಾಳೆಯಿಂದ ಬೆಳಿಗ್ಗೆ ಈ ದಿಣ್ಣೆ ಹತ್ತುವುದಿಲ್ಲ ಎಂಬ ಯೋಚನೆ ಬಂತು. ತಗಡನ್ನು ಮುಚ್ಚಿದೆ. ಎಂಟು ರಿವೆಟ್ ಹೊಡೆದೆ.

ಮರುವರ್ಷ ಬಾಳೂರಿನ ಎಸ್ಟೇಟಿನಲ್ಲಿ, ಕಾಫಿ ಒಣಗಿಸುವ ಕಣದ ಪಕ್ಕದ ಸಮತಟ್ಟಿನಲ್ಲಿ, ಮೂಟೆ ತುಂಬಿದ ಗಾಡಿ ನಿಂತುಹೋಯಿತು. ಎಂಟು ಜನ ನೂಕಿದರೂ ಎಂಜಿನ್ ಹಿಡಿಯಲಿಲ್ಲ. "ನೂಕೋ ಗಾಡಿ ನಮ್ಗೆ ಬೇಡಪ್ಪ" ಎಂದು ಅಲ್ಲಿ ಲೆಕ್ಕ ಬರೆಯುವ ರೈಟರ್ ಶೇಷಪ್ಪ ವರ್ಷದ ಬಾಡಿಗೆಯನ್ನೇ ಬೇರೆಯವರಿಗೆ ಕೊಟ್ಟರು. ಮರುದಿನ ಬೆಳಿಗ್ಗೆ ನೀನು ನಮ್ಮ ಜಗಲಿಯಲ್ಲಿ ಕೂತು ಕಾಫಿ ಮುಟ್ಟಲಿಲ್ಲ. ಆಗಲೂ ನಾನು ಹೇಳಲಿಲ್ಲ. ಬೆನ್ನು ಸವರಿ, ಹೊಸ ಸೆಲ್ಫಿಗೆ ಕಾಯೋಣ ಎಂದೆ. ಕೃಷ್ಣಪ್ಪನವರ ಮೇಲಿನ ನನ್ನ ಉರಿಗೆ ನಿಜವಾದ ಕಾರಣ ಇದು. ನಾನು ಮುಚ್ಚಿದ್ದನ್ನು ಅವರು ಬಿಚ್ಚಿದರು.

ನನಗಾಗಿ ಹೇಳಿದ ಆ ಸುಳ್ಳನ್ನು ವಾಪಸು ತೆಗೆದುಕೋ. ಈ ಕಾಗದವನ್ನು ಕೃಷ್ಣಪ್ಪನವರಿಗೆ ಓದಿ ಹೇಳು. ಆಮೇಲೂ ಆಯುಧಪೂಜೆಗೆ ಬರುವ ಮನಸ್ಸು ನಿನಗೆ ಉಳಿದಿದ್ದರೆ, ಪಿಕಪ್ಪನ್ನು ನಮ್ಮ ದಿಣ್ಣೆಗೆ ಹತ್ತಿಸಬೇಡ. ಕೆಳಗೆ ಬಸ್ಸು ನಿಲ್ಲುವ ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸು. ಗುಂಡಿ ಒತ್ತಲು ನಾನೇ ಇಳಿದು ಬರುತ್ತೇನೆ.