ಕಟಕಟೆಯಲ್ಲಿ ನಿಮ್ಮ ಸಹಿ

ಸೀನಿಯರ್ ಸರ್,

ಕುಶಲವೇ ಅಂತ ಕೇಳುವ ಹಾಗಿಲ್ಲ. ನಿಮ್ಮ ಜೂನಿಯರ್ ಶಾರದಾಳ ನಮಸ್ಕಾರವನ್ನಾದರೂ ತೆಗೆದುಕೊಳ್ಳಿ. ಬ್ಯಾಡಗಿ ಕೋರ್ಟಿನಲ್ಲಿ ವಕೀಲರು ಕೂರುವ ಕೋಣೆಯ ಮೂಲೆಯಿಂದ ಬರೆಯುತ್ತಿದ್ದೇನೆ. ಊಟದ ವಿರಾಮ ಮುಗಿದ ಮೇಲೆ ನನ್ನ ಹೆಸರು ಕೂಗುತ್ತಾರೆ. ವಕೀಲಳಾಗಿ ಅಲ್ಲ, ಸಾಕ್ಷಿಯಾಗಿ. ಇಷ್ಟು ವರ್ಷ ಎಷ್ಟು ಜನರನ್ನು ಆ ಕಟಕಟೆಯಲ್ಲಿ ನಿಲ್ಲಿಸಿ ಬೆವರಿಳಿಸಿದ್ದೇನೆ! ಇವತ್ತು ರೊಟ್ಟಿಯ ಡಬ್ಬಿಯನ್ನು ಬಿಚ್ಚದೆ ಪಕ್ಕಕ್ಕಿಟ್ಟಿದ್ದೇನೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಇವತ್ತು ಇಲಿ ನಾನೇ. ಅಂಜಿಕೆಯಾಗಿದೆ ಸರ್.

ಜೈಬುನ್‌ಬಿ ನೆನಪಿದ್ದಾರಲ್ಲ? ಮಾರ್ಕೆಟ್ಟಿನ ಹಿಂದಿನ ಶೆಡ್ಡಿನಲ್ಲಿ ಹೆಂಗಸರನ್ನು ಕೂರಿಸಿಕೊಂಡು ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸ ನಡೆಸುವವರು. ಹಾವೇರಿಗೆ ನಮ್ಮ ಆಫೀಸಿಗೆ ಬಂದು, "ನಿಮ್ಮ ಫೀಸು ಕೇಳಿದ್ರ ನಮ್ಮ ಮೆಣಸಿನಕಾಯಿನೂ ಸಪ್ಪಗ ಅನಸ್ತಾವ್ರಿ ವಕೀಲ್ರ" ಅಂದು ನಿಮ್ಮನ್ನು ನಗಿಸಿದ್ದರು. ಆ ಶೆಡ್ಡನ್ನೇ ಅವರು ಕೊಳ್ಳುವ ಕರಾರನ್ನು ನೀವು ಬರೆದು, ಕೆಳಗೆ ಬರೆದವರೆಂದು ಸಹಿ ಹಾಕಿದ್ದಿರಿ. ನೋಂದಣಿ ಆಗುವ ಮೊದಲೇ ಮಾರಿದವನು ತೀರಿಹೋದ. ಈಗ ಶೆಡ್ಡಿನ ಜಾಗಕ್ಕೆ ಬಂಗಾರದ ಬೆಲೆ. ಅವನ ಮಕ್ಕಳು ಕರಾರೇ ಖೊಟ್ಟಿ, ಸಹಿಗಳೂ ಸುಳ್ಳು ಅನ್ನುತ್ತಿದ್ದಾರೆ. ಸಾಕ್ಷಿ ಸಹಿ ಹಾಕಿದ್ದವನು ಅವರ ಕಡೆ ವಾಲಿದ. ಉಳಿದವರು ನೀವೊಬ್ಬರು, ನೀವೂ ಹೀಗೆ ಹೋಗಿಬಿಟ್ಟಿರಿ. ಸತ್ತವರ ಸಹಿಯನ್ನು ಗುರುತಿಸಲು ಅದನ್ನು ಬಲ್ಲವರು ಬರಬೇಕು. ನನ್ನನ್ನು ಬಿಟ್ಟರೆ ಯಾರಿದ್ದಾರೆ? ಸಾಕ್ಷಿ ಹೇಳುವವಳು ಅದೇ ದಾವೆಯಲ್ಲಿ ವಕೀಲಳಾಗಿ ನಿಲ್ಲಬಾರದು ಎಂದು ವಕಾಲತ್ತನ್ನು ಗೆಳತಿ ಗೀತಾಳಿಗೆ ಕೊಟ್ಟೆ. ಸಹಿ ನಿಮ್ಮದೇ ಎಂದು ಪ್ರಮಾಣಪತ್ರವನ್ನೂ ಸಲ್ಲಿಸಿಯಾಗಿದೆ. ಇವತ್ತು ಪಾಟಿ ಸವಾಲು.

ರಾಣೆಬೆನ್ನೂರಿನಲ್ಲಿ ನನ್ನ ಮೊದಲ ಪಾಟಿ ಸವಾಲಿನ ದಿನ ನೆನಪಾಗುತ್ತಿದೆ. ಅಗಡಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಹುಡುಗಿ, ಕೋಟು ಇನ್ನೂ ಮೈಗೆ ಹೊಂದಿರಲಿಲ್ಲ. ಇಬ್ಬರು ಬೀಜದ ವ್ಯಾಪಾರಿಗಳ ಪಾಲುದಾರಿಕೆ ಒಡೆದ ದಾವೆ ಅದು. ಸಾಕ್ಷಿ ನನ್ನನ್ನು ನೋಡಿ ನಕ್ಕ, ನನ್ನ ಕೈಯಲ್ಲಿದ್ದ ಕಾಗದ ಪಟಪಟ ಬಡಿದುಕೊಂಡಿತು. ಹೊರಗೆ ಬಂದ ಮೇಲೆ ನೀವು ಬೈಯಲಿಲ್ಲ. "ಅಂಜಿಕಿ ಹೊಟ್ಟ್ಯಾಗ ಇರ್ಲಿ ಶಾರದಾ, ಕೈಗೆ ಬರಬಾರ್ದು. ವಕೀಲನ ಕೈ ನಡುಗಿದ್ರ ಕಕ್ಷಿದಾರನ ಎದಿ ನಡಗತೈತಿ" ಅಂದಿರಿ. ಅವತ್ತಿನಿಂದ ಪ್ಲಾಟಿನ ಗಡಿ, ಅಂಗಡಿ ಬಾಡಿಗೆ, ಗೋದಾಮಿನ ಜಗಳ, ಏನೇ ಇರಲಿ, ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೇ ವಾದಿಸಿದ್ದೇನೆ. ಹೊಟ್ಟೆಯಲ್ಲಿ ಅಂಜಿಕೆ ಮಾತ್ರ ಖಾಲಿಯಾಗಲೇ ಇಲ್ಲ. ನಿಮಗೆ ಅದು ಇಲ್ಲವೇ ಇಲ್ಲ ಅಂದುಕೊಂಡು ಹೊಟ್ಟೆಕಿಚ್ಚೂ ಪಟ್ಟಿದ್ದೇನೆ.

ಜೈಬುನ್‌ಬಿಯ ಕರಾರಿಗೂ ಮೊದಲು ಒಂದು ದಿನ, ಗುತ್ತಲದ ಪ್ಲಾಟಿನ ಕಕ್ಷಿದಾರರು ಆಫೀಸಿನಿಂದ ಎದ್ದು ಹೋದ ಮೇಲೆ ನೀವು ಚಹಾದ ಕಪ್ಪು ಎತ್ತಲು ಹೋದಿರಿ. ಅರ್ಧ ಚಹಾ ಫೈಲಿನ ಮೇಲೆ ಚೆಲ್ಲಿತು. ನಾನು ಒರೆಸಲು ಬಂದಾಗ ನಿಮ್ಮ ಬಲಗೈ ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಬಾಗಿಲು ಹಾಕು ಅಂದಿರಿ. ನರದ ಕಾಯಿಲೆ, ವಾಸಿಯಾಗುವುದಿಲ್ಲ ಅಂದಿರಿ. ಆಮೇಲೆ, "ನಾ ಅಂಜೇನಿ ಅಂತ ತಿಳೀತಾರ. ಯಾರ ಮುಂದನೂ ಆಡಬ್ಯಾಡ, ನಾ ಸತ್ತ ಮ್ಯಾಲೂ" ಅಂದಿರಿ. ನಾನು ಮಾತು ಕೊಟ್ಟೆ. ಕೊಡದೆ ಏನು ಮಾಡಲಿ? ಅಲ್ಲಿಂದ ನೀವು ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟು ವಾದಿಸಿದಿರಿ, ಪುಟಗಳನ್ನು ನಾನು ತಿರುವಿದೆ. ಒಂದಿಬ್ಬರು ಹುಡುಗ ವಕೀಲರು ಅದನ್ನೇ ದೊಡ್ಡ ಗತ್ತು ಅಂದುಕೊಂಡು ತಾವೂ ಜೇಬಿಗೆ ಕೈ ಹಾಕಿ ವಾದಿಸತೊಡಗಿದರು. ನಾವಿಬ್ಬರೂ ಕಾರಿನಲ್ಲಿ ಎಷ್ಟು ನಕ್ಕೆವು!

ಕಳೆದ ಸಲ ಜೈಬುನ್‌ಬಿ ಕಟಕಟೆಯಲ್ಲಿ ನಿಂತಾಗ ನಗು ಬರಲಿಲ್ಲ. ಎದುರಿಗೆ ನಿಮ್ಮ ವಾರಿಗೆಯ ದೇಸಾಯಿ ವಕೀಲರು. ನಿಮ್ಮ ಹಳೆಯ ವಕಾಲತ್ತುಗಳ ಸಹಿಯನ್ನು ಕರಾರಿನ ಪಕ್ಕ ಇಟ್ಟು, "ಅದು ಗೆರಿ ಎಳದಂಗ ಐತಿ, ಇದು ಇರುವಿ ಹರದಾಡಿದಂಗ ಐತಿ. ಯಾಕವಾ?" ಅಂದರು. ಜೈಬುನ್‌ಬಿ ಸೆರಗು ಸರಿಮಾಡಿಕೊಂಡರು. ಮತ್ತೆ ಕೇಳಿದರೂ ಬಾಯಿ ಬಿಡಲಿಲ್ಲ. ಸಾಕ್ಷಿ ಉತ್ತರಿಸಲಿಲ್ಲ ಎಂದು ದಾಖಲಾಯಿತು. ಹೊರಗೆ ಬಂದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಬಜಾರದಾಗ ಎಲ್ಲಾರ ಬಾಯಿ ಮುಚ್ಚಸ್ತೀರಿ, ಇಲ್ಲಿ ಯಾಕ ಮೂಕರಾದ್ರಿ? ಶೆಡ್ಡು ಬ್ಯಾಡೇನು ನಿಮಗ?" ಅಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿನ ಕಡೆ ನಡೆದುಬಿಟ್ಟರು.

ಇನ್ನು ಸ್ವಲ್ಪ ಹೊತ್ತಿನಲ್ಲಿ ಅದೇ ಪ್ರಶ್ನೆ ನನಗೆ ಬರುತ್ತದೆ. ನಿಜ ಹೇಳಿದರೆ ನಿಮಗೆ ಕೊಟ್ಟ ಮಾತು ಹೋಯಿತು. ಇಡೀ ಜಿಲ್ಲೆಯ ವಕೀಲರು ಸಂಜೆಯೊಳಗೆ ನಿಮ್ಮ ಕೈಯ ಬಗ್ಗೆ ಮಾತಾಡುತ್ತಾರೆ. ಹೇಳದಿದ್ದರೆ ಆ ಸಹಿ ನಿಮ್ಮದಲ್ಲ ಎಂದೇ ಆಗುತ್ತದೆ, ಶೆಡ್ಡು ಹೋಗುತ್ತದೆ, ಅಲ್ಲಿ ಕೂತು ದುಡಿಯುವ ಅಷ್ಟೂ ಹೆಂಗಸರು ಬೀದಿಗೆ ಬರುತ್ತಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಕ್ಷಿದಾರ ಮೊದಲು ಅನ್ನುತ್ತಿದ್ದವರು ನೀವೇ. ಬಾಗಿಲು ಹಾಕು ಅಂದವರೂ ನೀವೇ. ಒಂದು ಮಾತು ಹೇಳಿ ಹೋಗಬಾರದಿತ್ತೇ... ಕೂಗುತ್ತಿದ್ದಾರೆ ಸರ್, ಹೋಗುತ್ತೇನೆ.

ಈಗ ಸಂಜೆ, ಹಾವೇರಿಯ ಆಫೀಸಿಗೆ ಬಂದಿದ್ದೇನೆ. ನಡೆದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಪ್ರಮಾಣ ಮಾಡಿದೆ. ದೇಸಾಯಿ ವಕೀಲರು ಬಹಳ ಮೆತ್ತಗೆ ಶುರು ಮಾಡಿದರು, ಅವರು ಮೆತ್ತಗಾದರೆ ನಿಮಗೇ ಗೊತ್ತಲ್ಲ.

"ನಿಮ್ಮ ಸೀನಿಯರ್ ಸಹಿ ಹಿಂಗ ಇರಾಕ ಸಾಧ್ಯನೇ ಇಲ್ಲ ಅಂತೀನ್ರಿ."

"ಸಾಧ್ಯ ಐತ್ರಿ."

"ಹೆಂಗ?"

ಬಾಗಿಲ ಕಡೆ ನೋಡಿದೆ, ನೀವು ಬರುತ್ತೀರೇನೋ ಅನ್ನುವ ಹಾಗೆ. ಆಮೇಲೆ ಹೇಳಿಬಿಟ್ಟೆ. "ಕಡೀಕಡೀಗೆ ಅವರ ಕೈ ನಡಗತಿತ್ರಿ. ನರದ ಕಾಯಿಲೆ ಇತ್ತು. ಯಾರಿಗೂ ಹೇಳಿರಲಿಲ್ಲ."

ದೇಸಾಯಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಕರಗಿದರು ಅಂದುಕೊಂಡೆ. ಎಲ್ಲಿಯ ಮಾತು! "ಕಾಯಿಲೆ ಅಂತೀರಿ, ಕಾಗದ ಒಂದೂ ಇಲ್ಲ. ಯಾರಿಗರ ಅಂಜಿ ಸಹಿ ಮಾಡಿರಬಹುದಲ್ಲ, ಅದಕ್ಕ ಕೈ ನಡುಗಿರಬಹುದಲ್ಲ?" ಅಂದರು. ನೀವಾಗಿದ್ದರೂ ಅದನ್ನೇ ಕೇಳುತ್ತಿದ್ದಿರಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಮ್ಮ ಸರ್ ಯಾವತ್ತೂ ಯಾರಿಗೂ ಅಂಜಿದವರಲ್ಲ" ಅಂದೆ, ಇಡೀ ಕೋರ್ಟಿಗೆ ಕೇಳುವ ಹಾಗೆ. ನ್ಯಾಯಾಧೀಶರು ಅದನ್ನೂ ಬರೆಸಿಕೊಂಡರು.

ಹೊರಗೆ ಬೇವಿನ ಮರದ ಕೆಳಗೆ ಜೈಬುನ್‌ಬಿ ನಿಂತಿದ್ದರು. ಖುಷಿಯಾಗಿರುತ್ತಾರೆ ಅಂದುಕೊಂಡು ಹತ್ತಿರ ಹೋದರೆ ಮುಖ ಕೆಂಪಾಗಿತ್ತು.

"ಯಾಕ ಹೇಳಿದ್ರಿ ಮೇಡಂ?"

"ಹೇಳದಿದ್ರ ನಿಮ್ಮ ಶೆಡ್ಡು ಹೋಗತಿತ್ತಲ್ರಿ!"

"ಹೋದ್ರ ನಂದು ಹೋಗತಿತ್ತು. ಸಹಿ ಮಾಡೂ ಮುಂದ ನಿಮ್ಮ ಸಾಹೇಬ್ರು ನನಗ ಕೈ ತೋರಿಸಿದ್ರು. 'ಸೊಟ್ಟ ಬರತೈತಿ ಅಕ್ಕಾ, ಯಾರ ಮುಂದನೂ ಅನ್ನಬ್ಯಾಡ' ಅಂದ್ರು. ಹೂಂ ಅಂದಿದ್ದೆ. ಅಲ್ಲಿ ಒಳಗ ನಿಂತಾಗ ಜೀವ ಬಾಯಿಗೆ ಬಂದಿತ್ತು, ಆದ್ರೂ ಬಾಯಿ ಬಿಡಲಿಲ್ಲ ನಾ."

ಮರದ ಕಟ್ಟೆಯ ಮೇಲೆ ಕೂತೆ. ನನಗೂ ನೀವು ಹಾಗೇ ಅಂದಿದ್ದಿರಿ ಅಂತ ಹೇಳಿದೆ. ಅವರು ಪಕ್ಕದಲ್ಲಿ ಬಂದು ಕೂತು, ಸೆರಗಿನಿಂದ ಮೂಗು ಒರೆಸಿಕೊಂಡರು.

"ಪಾಪ, ಎಷ್ಟು ಅಂಜಿದ್ರು ಅವರು! ಅಂಜಿಕಿ ಇಲ್ಲದವ್ರು ಒಬ್ಬೊಬ್ಬರನ್ನ ಹಿಡಿದು ಹಂಗ ಕೇಳ್ಕೊಂತಾರೇನ್ರಿ?"

ಆ ಮಾತು ಕಿವಿಯಿಂದ ಹೋಗುತ್ತಿಲ್ಲ ಸರ್. ಇಷ್ಟು ವರ್ಷ ನಿಮ್ಮ ಪಕ್ಕದಲ್ಲೇ ಕೂತವಳಿಗೆ ಯಾಕೆ ಕಾಣಲಿಲ್ಲ? ನೀವೂ ನನ್ನ ಹಾಗೇ ಹೊಟ್ಟೆಯಲ್ಲಿಟ್ಟುಕೊಂಡು ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದಿರಾ? ಒಮ್ಮೆ ಹೇಳಿದ್ದರೆ, ಕಾರಿನಲ್ಲಿ ಅದನ್ನೂ ಹೇಳಿಕೊಂಡು...

ತೀರ್ಪು ಯಾವ ಕಡೆ ಹೋಗುತ್ತದೋ ಗೊತ್ತಿಲ್ಲ. ಶೆಡ್ಡಿನ ಅಂಜಿಕೆ ಹಾಗೇ ಇದೆ. ನಿಮ್ಮ ಗುಟ್ಟು ಉಳಿಸಲಿಲ್ಲ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ಆದರೆ ನೀವು ಯಾವತ್ತೂ ಯಾರಿಗೂ ಅಂಜಿದವರಲ್ಲ ಎಂದು ದೇವರ ಮೇಲೆ ಪ್ರಮಾಣ ಮಾಡಿ ಹೇಳಿದ್ದೇನೆ, ಅದರ ಕೆಳಗೆ ಸಹಿಯನ್ನೂ ಹಾಕಿದ್ದೇನೆ. ಅದು ಸುಳ್ಳು ಅಂತ ಈಗ ನನಗೆ ಗೊತ್ತು. ಯಾರು ಎಷ್ಟು ಕೇಳಿದರೂ ಆ ಸಾಲನ್ನು ನಾನು ತಿದ್ದಿಸುವುದಿಲ್ಲ.

ನಿಮ್ಮ
ಶಾರದಾ